ಒಂದೇ ಗುದ್ದಿಗೆ ಕಾಲು ನಡುಗುತ್ತಾ? ಗದ್ದಕ್ಕೆ ಬೈಯುವ ಮೊದಲು ಇಷ್ಟು ನೋಡಿ

ದಾವಣಗೆರೆಯಲ್ಲಿ ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಕಲಿಯಲು ಬರುವ ಸುಮಾರು ಹುಡುಗರಿಗೆ ಗರಡಿಯ ನಂಟು ಇದ್ದೇ ಇರುತ್ತದೆ. ಅಪ್ಪನೋ ಚಿಕ್ಕಪ್ಪನೋ ಯಾರಾದರೂ ಒಬ್ಬರು ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಮಣ್ಣು ಮೆತ್ತಿಕೊಂಡವರು. ಹಾಗಾಗಿ ದಂಡ, ಬಸ್ಕಿ ಹೊಡೆದು ಮೈ ಮೊದಲೇ ಗಟ್ಟಿ ಇರುತ್ತದೆ. ಆದರೂ ಸ್ಪಾರಿಂಗ್‌ಗೆ (ಜೊತೆಗಾರನ ಜೊತೆ ಅಭ್ಯಾಸದ ಕಾದಾಟ) ಇಳಿದು ಒಂದು ಹುಕ್ (ಪಕ್ಕದಿಂದ ಬೀಸುವ ಗುದ್ದು) ಗದ್ದಕ್ಕೆ ತಗುಲಿದ್ದೇ ತಡ, ಮಂಡಿ ಸಡಿಲ. ಆಚೆ ಬಂದು ಹೇಳುವ ಮಾತು ಒಂದೇ: "ಅಣ್ಣಾ, ನನ್ ಗದ್ದ ವೀಕು."

ಸಲಹೆ ಕೊಡುವವರಿಗಂತೂ ಬರವಿಲ್ಲ. ಗದ್ದ ಹುಟ್ಟಿನಿಂದಲೇ ಬರಬೇಕು, ಬಿಟ್ಟುಬಿಡು ಅನ್ನುತ್ತಾನೆ ಒಬ್ಬ. ದಿನಾ ನಾಲ್ಕು ಏಟು ತಿಂದರೆ ತಾನೇ ಗಟ್ಟಿಯಾಗುತ್ತೆ ಅನ್ನುತ್ತಾನೆ ಇನ್ನೊಬ್ಬ. ಮೊದಲನೆಯವನ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಕೆನಡಾದ ಬಾಕ್ಸರ್ ಜಾರ್ಜ್ ಚುವಾಲೊ 93 ವೃತ್ತಿಪರ ಪಂದ್ಯ ಆಡಿದರೂ ಒಮ್ಮೆಯೂ ನೆಲಕ್ಕೆ ಬೀಳಲಿಲ್ಲ. ಎದುರು ನಿಂತವರಲ್ಲಿ ಹೆವಿವೇಟ್ ವಿಶ್ವ ಚಾಂಪಿಯನ್‌ಗಳಾದ ಅಲಿ, ಫ್ರೇಜಿಯರ್, ಫೋರ್‌ಮನ್ ಮೂವರೂ ಇದ್ದರು! ಅಂಥದ್ದನ್ನು ಯಾವ ಕೋಚೂ ಕಲಿಸಲಾರ. ಎರಡನೆಯವನ ಮಾತು ಮಾತ್ರ ಪೂರ್ತಿ ಸುಳ್ಳು, ಅಪಾಯವೂ ಹೌದು. ಗೆಣ್ಣಿನ ಚರ್ಮ ಗಟ್ಟಿಯಾಗುತ್ತದೆ, ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ. ಮಿದುಳು ಗಟ್ಟಿಯಾಗುವುದಿಲ್ಲ. ತಿಂದ ಏಟೆಲ್ಲ ಅಲ್ಲಿ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ, ಅಷ್ಟೇ.

ನಾನು ನೋಡಿದ ಮಟ್ಟಿಗೆ "ಗದ್ದ ವೀಕು" ಅನ್ನುವ ದೂರಿನಲ್ಲಿ ಹೆಚ್ಚಿನವು ಗದ್ದದ ದೋಷವೇ ಅಲ್ಲ. ಕಣ್ಣಿನದ್ದು, ಕಾಲಿನದ್ದು, ಉಸಿರಿನದ್ದು, ಕೆಲವೊಮ್ಮೆ ಕುಡಿಯದೇ ಬಿಟ್ಟ ನೀರಿನದ್ದು. ಇವೆಲ್ಲ ರಿಪೇರಿ ಆಗುತ್ತವೆ. ರಿಪೇರಿ ಆಗದ ದೋಷವೂ ಒಂದಿದೆ, ಅದನ್ನೇ ಮೊದಲು ನೋಡೋಣ.

ಎಲ್ಲಕ್ಕಿಂತ ಮೊದಲು: ಇದು ಪೆಟ್ಟಾದ ತಲೆಯಾ?

ಏಟು ಬಿದ್ದ ಮೇಲೆ ಒಂದು ಕ್ಷಣವಾದರೂ ಪ್ರಜ್ಞೆ ತಪ್ಪಿತ್ತಾ? ಯಾವ ರೌಂಡ್ ನಡೀತಿತ್ತು ಅಂತ ಕೇಳಿದರೆ ತಡವರಿಸುತ್ತಾನಾ? ತಲೆನೋವು, ಮಂಕು, ಬೆಳಕು ಕಂಡರೆ ಕಿರಿಕಿರಿ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಕಾರಣವಿಲ್ಲದೆ ಸಿಟ್ಟು ಅಥವಾ ಅಳು, ಇವುಗಳಲ್ಲಿ ಒಂದೇ ಒಂದು ಕಂಡರೂ ಅವತ್ತಿಗೆ ಆಟ ಮುಗಿಯಿತು. "ಇನ್ನೊಂದೇ ರೌಂಡು ಅಣ್ಣಾ" ಅಂದರೆ ಗ್ಲೌಸ್ ಬಿಚ್ಚಿಸಿ ಕೂರಿಸಿ.

ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಕೈಕಾಲಿನಲ್ಲಿ ಬಲ ಇಲ್ಲ ಅಂದರೆ, ಎಬ್ಬಿಸಿದರೂ ತೂಕಡಿಸುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಮನೆಗೆ ಹೋಗಿ ಮಲಗು, ಸರಿಹೋಗುತ್ತೆ ಅಂತ ಕಳಿಸುವುದು ಬೇಡ. ತಲೆಯೊಳಗೆ ರಕ್ತ ಸೋರುತ್ತಿದ್ದರೆ ಮೊದಲ ಸ್ವಲ್ಪ ಹೊತ್ತು ಹುಡುಗ ಚೆನ್ನಾಗಿಯೇ ಮಾತಾಡಬಹುದು.

ಮಿದುಳಿಗೆ ಪೆಟ್ಟಾಗಿದೆ ಅಂತ ಗೊತ್ತಾದರೆ ಮೊದಲ ಒಂದೆರಡು ದಿನ ವಿಶ್ರಾಂತಿ. ಆಮೇಲೆ ನಡಿಗೆ, ಹಗುರ ಓಟ, ಶ್ಯಾಡೋ (ಎದುರಾಳಿ ಇಲ್ಲದೆ ಗಾಳಿಗೆ ಗುದ್ದುವುದು), ಬ್ಯಾಗ್ ಹೊಡೆಯುವುದು, ಹೀಗೆ ಒಂದೊಂದೇ ಮೆಟ್ಟಿಲು. ಪ್ರತಿ ಮೆಟ್ಟಿಲಿಗೆ ಕನಿಷ್ಠ 24 ಗಂಟೆ. ಲಕ್ಷಣ ಮರಳಿದರೆ ಒಂದು ಮೆಟ್ಟಿಲು ಕೆಳಗೆ. ಸ್ಪಾರಿಂಗ್ ಅನ್ನುವುದು ಡಾಕ್ಟರ್ ಒಪ್ಪಿದ ಮೇಲಿನ ಮಾತು. ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್‌ನಲ್ಲಿ ತಲೆಗೆ ಏಟು ಬಿದ್ದು ನಾಕೌಟ್ ಆದವರನ್ನು ಕನಿಷ್ಠ 30 ದಿನ ರಿಂಗ್‌ನಿಂದ ಹೊರಗಿಡುವ ಪದ್ಧತಿ ಸುಮ್ನೆ ಬಂದಿದ್ದಲ್ಲ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ, ಅದು ಚಿಕ್ಕ ಏಟೇ ಆಗಿದ್ದರೂ ಮಿದುಳು ಊದಿಕೊಂಡು ಜೀವಕ್ಕೇ ಕುತ್ತು ಬರಬಹುದು. ಹದಿಹರೆಯದವರಲ್ಲಿ ಈ ಭಯ ಜಾಸ್ತಿ.

ಇನ್ನೊಂದು ಸಂಗತಿ ಇದೆ, ಕೋಚ್‌ಗಳೂ ಇದನ್ನು ಕಡೆಗಣಿಸುತ್ತಾರೆ. ಮೊದಲು ದೊಡ್ಡ ಏಟನ್ನೂ ತಡೆದುಕೊಳ್ಳುತ್ತಿದ್ದ ಹುಡುಗ ಇತ್ತೀಚೆಗೆ ಸಣ್ಣ ಜ್ಯಾಬ್‌ಗೂ (ಮುಂದಿನ ಕೈಯ ನೇರ ಗುದ್ದು) ತೂರಾಡುತ್ತಿದ್ದರೆ ಅದು ಟೆಕ್ನಿಕ್ಕಿನ ದೋಷ ಅಲ್ಲ. ಈ ಬರಹ ಅವನಿಗಲ್ಲ. ನರರೋಗ ತಜ್ಞರ ಹತ್ತಿರ ಹೋಗಲಿ.

ಇದ್ಯಾವುದೂ ಇಲ್ಲ ಅಂತ ಖಾತ್ರಿ ಆಯಿತಾ? ಹಾಗಾದರೆ ಮುಂದಕ್ಕೆ.

ಮೊಬೈಲ್ ತೆಗೆಯಿರಿ

ದೋಷ ಎಲ್ಲಿದೆ ಅಂತ ಬಾಯಿಮಾತಿನಲ್ಲಿ ತಿಳಿಯುವುದಿಲ್ಲ. ಏಟು ತಿಂದವನಿಗೆ ಏಟು ನೆನಪಿರುತ್ತದೆ, ಅದಕ್ಕೂ ಮುಂಚೆ ತಾನೇನು ಮಾಡುತ್ತಿದ್ದೆ ಅನ್ನುವುದು ನೆನಪಿರುವುದಿಲ್ಲ. ಆದ್ದರಿಂದ ಸ್ಪಾರಿಂಗ್ ವೀಡಿಯೋ ಮಾಡಿಸಿ. ಏಟು ಬೀಳುವುದಕ್ಕಿಂತ ಎರಡು ಮೂರು ಸೆಕೆಂಡ್ ಹಿಂದಕ್ಕೆ ಹೋಗಿ ನಿಧಾನಕ್ಕೆ ಓಡಿಸಿ. ಕಣ್ಣು ಎಲ್ಲಿತ್ತು, ಗದ್ದ ಎಲ್ಲಿತ್ತು, ಬಾಯಿ ತೆರೆದಿತ್ತಾ, ಪಾದ ಹೇಗಿತ್ತು, ಎಷ್ಟನೇ ರೌಂಡು. ಏಟು ಬಿದ್ದ ಜಾಗವನ್ನೂ ಬರೆದುಕೊಳ್ಳಿ: ಗದ್ದದ ಪಕ್ಕ, ಕಣತಲೆ, ಕಿವಿಯ ಹಿಂದೆ, ಬಲ ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲ್ಭಾಗ. ಕಿವಿಯ ಹಿಂದೆ ಬಿದ್ದರೆ ಸಮತೋಲನ ಹೋಗುತ್ತದೆ, ತಲೆ ಚುರುಕಾಗಿಯೇ ಇದ್ದರೂ ಕಾಲು ಮಾತು ಕೇಳುವುದಿಲ್ಲ. ಲಿವರ್‌ಗೆ ಬಿದ್ದರೆ ಕಥೆಯೇ ಬೇರೆ. ಹೀಗೆ ನಾಲ್ಕೈದು ಏಟು ಬರೆದು ನೋಡಿದರೆ ಸಾಕು, ಸಾಮಾನ್ಯವಾಗಿ ಒಂದೇ ದೋಷ ಮತ್ತೆ ಮತ್ತೆ ಕಾಣುತ್ತದೆ.

"ಎಲ್ಲಿಂದ ಬಂತೋ ಗೊತ್ತಾಗ್ಲಿಲ್ಲ" ಅಂದರೆ

ದೋಷ ಕಣ್ಣಿನದ್ದು. ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ.

ಕಂಡ ಏಟಿಗೂ ಕಾಣದ ಏಟಿಗೂ ಅಜಗಜಾಂತರ. ಏಟು ಬರುವುದು ಕಂಡರೆ ಯೋಚನೆಗೂ ಮುಂಚೆ ಕತ್ತು ಬಿಗಿಯಾಗುತ್ತದೆ, ಹಲ್ಲು ಕಚ್ಚುತ್ತದೆ, ತಲೆ ಕೂದಲೆಳೆಯಷ್ಟಾದರೂ ಏಟಿನ ದಿಕ್ಕಿಗೇ ಸರಿಯುತ್ತದೆ. ಕಾಣದಿದ್ದರೆ ಇದ್ಯಾವುದೂ ಆಗುವುದಿಲ್ಲ. ಸಡಿಲ ಕತ್ತಿನ ಮೇಲಿರುವ ತಲೆ ಪೂರಾ ತಿರುಗುತ್ತದೆ.

ಪರೀಕ್ಷೆ ಸುಲಭ. ಗೆಳೆಯನಿಗೆ ದೊಡ್ಡ ಗ್ಲೌಸ್ ಹಾಕಿಸಿ, ಮುಖದಿಂದ ಒಂದು ಗೇಣು ದೂರದವರೆಗೆ ನಿಧಾನಕ್ಕೆ ಜ್ಯಾಬ್ ಮಾಡಿಸಿ. ಕಣ್ಣು ಮುಚ್ಚುತ್ತಾ? ಮುಖ ಪಕ್ಕಕ್ಕೆ ತಿರುಗುತ್ತಾ? ಹಾಗಿದ್ದರೆ ಕಾರಣ ಸಿಕ್ಕಿತು. ಎರಡನೇ ಪರೀಕ್ಷೆ, ಏಟು ತಿನ್ನುವ ಹುಡುಗನೇ ಪಂಚ್ ಮಾಡುವಾಗ ನೋಡಿ. ಸುಮಾರು ಜನ ಎಡಗೈ ಹುಕ್ ಬೀಸುವಾಗ ಕಣ್ಣು ಮುಚ್ಚುತ್ತಾರೆ, ಬಲಗೈ ಗದ್ದದಿಂದ ಎದೆಗೆ ಇಳಿದಿರುತ್ತದೆ, ಅದೇ ಗಳಿಗೆಗೆ ಎದುರಾಳಿಯ ಹುಕ್ಕೂ ಬರುತ್ತದೆ. ತಾನು ಹೊಡೆಯುವಾಗಲೇ ತಿನ್ನುವ ಏಟು ಇದು. ಎದುರಾಳಿಯ ಮೇಲೆ ನುಗ್ಗುತ್ತಿರುವಾಗ ಎರಡೂ ಕಡೆಯ ವೇಗ ಕೂಡುತ್ತದೆ. ಅದಕ್ಕೇ ಕೌಂಟರ್ ಪಂಚ್‌ಗೆ ಅಷ್ಟು ಜನ ಬೀಳುವುದು.

ರಿಪೇರಿಗೆ ಅವಸರ ಬೇಡ. ಮೆತ್ತನೆ ಸ್ಪಂಜಿನ ಕೋಲು ಹಿಡಿದು ಯಾರಾದರೂ ನಿಧಾನಕ್ಕೆ ಮುಖದತ್ತ ಚಾಚಲಿ, ನೀವು ಕಣ್ಣು ಬಿಟ್ಟುಕೊಂಡೇ ಕೈಯಲ್ಲಿ ಸರಿಸಿ, ತಲೆ ಜಾರಿಸಿ. ದಿನಾ ಐದು ನಿಮಿಷ ಸಾಕು. ನೋಟ ಎದುರಾಳಿಯ ಗ್ಲೌಸ್ ಮೇಲೆ ಬೇಡ, ಎದೆಯ ಮೇಲ್ಭಾಗದ ಮೇಲೆ ಇರಲಿ. ಭುಜ ಅಲುಗಿದ್ದು ಅಲ್ಲಿಂದಲೇ ಗೊತ್ತಾಗುತ್ತದೆ. ಪ್ಯಾಡ್ (ಗುದ್ದು ಕಲಿಸಲು ಕೈಗೆ ಹಾಕುವ ಮೆತ್ತೆ) ಹಿಡಿಯುವವರಿಗೆ ಹೇಳಿಡಿ: ಪ್ರತಿ ಕಾಂಬಿನೇಷನ್ (ಗುದ್ದುಗಳ ಸರಣಿ) ಮುಗಿದ ಮೇಲೆ ಪ್ಯಾಡ್‌ನಿಂದ ಹಗುರವಾಗಿ ತಲೆಯ ಕಡೆ ಬೀಸಲಿ. ಕೈ ವಾಪಸ್ ಗದ್ದಕ್ಕೆ ಬಂದಿಲ್ಲ ಅಂದರೆ ಆಗಲೇ ತಿಳಿಯುತ್ತದೆ. ಎಡಗೈ ಆಟಗಾರರ ಎದುರು ಮಾತ್ರವೇ ಈ ತೊಂದರೆ ಅಂತಾದರೆ ದೋಷ ಏನೂ ದೊಡ್ಡದಲ್ಲ, ಆ ಕೋನದಿಂದ ಬರುವ ಏಟು ನೋಡಿ ಅಭ್ಯಾಸ ಇಲ್ಲ ಅಷ್ಟೇ.

ಏಟು ಕಂಡಿತ್ತು, ಆದರೂ ತಲೆ ಗಿರ್ ಅಂತು

ಈಗ ಗದ್ದ ನೋಡಿ. ನಟ್ಟು ಬಿಚ್ಚುವಾಗ ಸ್ಪ್ಯಾನರ್ ಉದ್ದ ಇದ್ದಷ್ಟೂ ಸಲೀಸು, ಅಲ್ವಾ? ಕತ್ತಿನ ಮೇಲೆ ಕೂತ ತಲೆಗೆ ಮುಂದೆ ಚಾಚಿದ ಗದ್ದವೇ ಆ ಉದ್ದ ಸ್ಪ್ಯಾನರ್. ಅಲ್ಲಿ ಬಿದ್ದ ಸಣ್ಣ ಏಟೂ ತಲೆಯನ್ನು ಥಟ್ಟನೆ ತಿರುಗಿಸುತ್ತದೆ. ಬುರುಡೆ ತಿರುಗಿದಷ್ಟು ಬೇಗ ಒಳಗಿನ ಮಿದುಳು ತಿರುಗುವುದಿಲ್ಲ, ನರದ ಎಳೆಗಳು ಜಗ್ಗುತ್ತವೆ, ಮಿದುಳಿನ ಕೆಲಸ ಒಂದು ಕ್ಷಣ ತಪ್ಪುತ್ತದೆ. ನಾಕೌಟ್ ಅಂದರೆ ಮುಖ್ಯವಾಗಿ ಇದು. ಹಣೆಗೆ ನೇರ ಬಿದ್ದ ಏಟಿಗಿಂತ ಗದ್ದಕ್ಕೆ ಓರೆಯಾಗಿ ಬಿದ್ದ ಹುಕ್ ಜಾಸ್ತಿ ಜನರನ್ನು ಮಲಗಿಸುವುದು ಇದಕ್ಕೇ.

ಕುಸ್ತಿಯಿಂದ ಬಂದವರಿಗೆ ಇಲ್ಲೊಂದು ಹಳೇ ರೂಢಿ ಅಡ್ಡ ಬರುತ್ತದೆ. ಮಣ್ಣಿನಲ್ಲಿ ತಲೆ ತಗ್ಗಿಸಿದರೆ ಎದುರಾಳಿ ಕತ್ತು ಹಿಡಿದು ಎಳೆಯುತ್ತಾನೆ, ಅದಕ್ಕೆ "ತಲೆ ಎತ್ತು" ಅಂತ ಉಸ್ತಾದರು ಬೈದು ಬೈದು ಕಲಿಸಿರುತ್ತಾರೆ. ಅಲ್ಲಿ ಅದು ಸರಿ. ರಿಂಗ್‌ನಲ್ಲಿ ಅದೇ ಎತ್ತಿದ ತಲೆ ಗದ್ದವನ್ನು ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ.

ಗದ್ದ ಮತ್ತು ಎದೆಯ ನಡುವೆ ಮಡಚಿದ ಕರವಸ್ತ್ರ ಸಿಕ್ಕಿಸಿಕೊಂಡು ಶ್ಯಾಡೋ ಮಾಡಿ. ಎಷ್ಟು ಬೇಗ ಬೀಳುತ್ತೆ ಅಂತ ನೋಡಿದರೆ ನಿಮಗೇ ನಗು ಬರುತ್ತದೆ. ಸುಸ್ತಾದ ಮೇಲೆ ಇನ್ನೂ ಬೇಗ ಬೀಳುತ್ತದೆ. ಬೀಳದೆ ಮೂರು ನಿಮಿಷ ನಿಂತರೆ ಗದ್ದ ಅರ್ಧ ರಿಪೇರಿ. ಪಂಚ್ ಮಾಡುವಾಗ ಭುಜ ಎದ್ದು ಗದ್ದವನ್ನು ಮುಚ್ಚುತ್ತಾ ಅಂತಲೂ ನೋಡಿ.

ಬಾಯಿ ತೆರೆದು ಆಡುವುದು ಇನ್ನೊಂದು ಕೆಟ್ಟ ಚಾಳಿ. ತೆರೆದ ದವಡೆ ಮುರಿಯುವುದು ಬೇಗ, ನಾಲಿಗೆ ಕಚ್ಚಿಕೊಳ್ಳುವುದೂ ಉಂಟು. ಮೌತ್‌ಗಾರ್ಡ್ ಬಿಸಿನೀರಲ್ಲಿ ಅದ್ದಿ ಕಚ್ಚಿ ಹಲ್ಲಿನ ಅಚ್ಚಿಗೆ ಕೂರಿಸಿಕೊಂಡದ್ದಾಗಿರಲಿ, ದಂತವೈದ್ಯರ ಹತ್ತಿರ ಮಾಡಿಸಿದರೆ ಇನ್ನೂ ಒಳ್ಳೆಯದು. ಸಡಿಲ ಇದ್ದರೆ ಅದನ್ನು ಹಿಡಿದಿಡಲು ಹೋಗಿ ಉಸಿರಾಟವೇ ಕೆಡುತ್ತದೆ. ಮೌತ್‌ಗಾರ್ಡ್ ಕಾಯುವುದು ಹಲ್ಲು, ತುಟಿ, ದವಡೆಯನ್ನು. ಮಿದುಳನ್ನೂ ಕಾಯುತ್ತೆ ಅಂತ ಯಾರಾದರೂ ಮಾರಲು ಬಂದರೆ ಪೂರ್ತಿ ನಂಬಬೇಡಿ.

ಕತ್ತಿನ ಬಲದ ವಿಷಯ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಹೈಸ್ಕೂಲ್ ಆಟಗಾರರ ಕತ್ತಿನ ಬಲ ಅಳೆದಿದ್ದರು. ಬಲ ಒಂದೊಂದು ಪೌಂಡ್ ಜಾಸ್ತಿ ಆದಂತೆ ಮಿದುಳಿಗೆ ಪೆಟ್ಟಾಗುವ ಸಂಭವ ಶೇ 5ರಷ್ಟು ಇಳಿದಿತ್ತು. ಅವರು ಆಡುತ್ತಿದ್ದದ್ದು ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಲಕ್ರಾಸ್, ಬಾಕ್ಸಿಂಗ್ ಅಲ್ಲ ಅನ್ನುವುದು ನೆನಪಿರಲಿ. ಆದರೂ ದಿಕ್ಕು ಸರಿಯಾಗಿದೆ. ನಮ್ಮ ಗರಡಿಗಳಲ್ಲಿ ಕತ್ತಿಗೆ ಕಲ್ಲಿನ ಬಳೆ ಹಾಕಿಕೊಂಡು ಬಸ್ಕಿ ಹೊಡೆಯುವುದು, ತಲೆ ನೆಲಕ್ಕೂರಿ ಮೈ ಕಮಾನು ಮಾಡುವುದು ಹಳೇ ಕಸರತ್ತು. ಚಿಕ್ಕಂದಿನಿಂದ ಮಾಡಿದವರು ಮಾಡಿಕೊಳ್ಳಲಿ. ಹೊಸಬರಿಗೆ ನಾನು ಹೇಳುವುದಿಲ್ಲ, ಕತ್ತಿನ ಮೂಳೆಯ ನಡುವಿನ ಡಿಸ್ಕ್ ಮೇಲೆ ಭಾರ ವಿಪರೀತ ಬೀಳುತ್ತದೆ. ಅದರ ಬದಲು ಅಂಗೈಯನ್ನು ಹಣೆಗೆ, ಹಿಂದಲೆಗೆ, ಎರಡೂ ಪಕ್ಕಕ್ಕೆ ಒತ್ತಿ, ತಲೆ ಅಲುಗದಂತೆ ಹತ್ತು ಸೆಕೆಂಡ್ ಹಿಡಿಯಿರಿ. ಆಮೇಲೆ ಜೊತೆಗಾರ ಟವೆಲ್ ಹಾಕಿ ಎಳೆಯಲಿ, ನೀವು ತಡೆಯಿರಿ. ವಾರಕ್ಕೆ ಎರಡು ಮೂರು ಸಲ, ಸ್ಪಾರಿಂಗ್ ಮುಗಿದ ಮೇಲೆ. ಸ್ಪಾರಿಂಗ್‌ಗೆ ಮುಂಚೆ ಕತ್ತು ದಣಿಸಿದರೆ ಇಡೀ ಉದ್ದೇಶವೇ ಉಲ್ಟಾ. ಎಮ್ಮೆಯಂಥ ಕತ್ತಿದ್ದೂ ಮಲಗಿದವರಿದ್ದಾರೆ. ಬಲ ಇದ್ದರೆ ಸಾಲದು, ಏಟು ಮುಟ್ಟುವ ಹೊತ್ತಿಗೆ ಬಿಗಿಯಾಗಬೇಕು. ಅಂದರೆ ಮತ್ತೆ ಕಣ್ಣಿನ ಹತ್ತಿರವೇ ಬಂದೆವು.

ತಲೆ ನೆಟ್ಟಗಿದೆ, ಬಿದ್ದಿದ್ದು ಮಾತ್ರ ನಿಜ

ಪಾದ ನೋಡಿ. ಎರಡೂ ಪಾದ ಒಂದೇ ಗೆರೆಯಲ್ಲಿದ್ದರೆ, ಅಡ್ಡ ಹೋಗುವಾಗ ಕಾಲಿಗೆ ಕಾಲು ಸಿಕ್ಕಿದ್ದರೆ, ಮಂಡಿ ನೇರ ಇದ್ದರೆ ತಳ್ಳಿದರೂ ಬೀಳುತ್ತೀರಿ. ಹಗುರ ಏಟಿಗೆ ಹಾಗೆ ಬಿದ್ದರೂ ರೆಫರಿ ಎಂಟರವರೆಗೆ ಎಣಿಸಬಹುದು. ನಿಂತ ಭಂಗಿಯಲ್ಲಿ ಭುಜಕ್ಕೆ ನಾಲ್ಕೂ ಕಡೆಯಿಂದ ತಳ್ಳಿಸಿ ನೋಡಿ, ಯಾವ ಕಡೆ ಸಡಿಲ ಅಂತ ತಕ್ಷಣ ತಿಳಿಯುತ್ತದೆ. ಚಿತ್ರದುರ್ಗದ ಹುಡುಗರು ಕೋಟೆ ಮೆಟ್ಟಿಲು ಹತ್ತಿ ಹತ್ತಿ ತೊಡೆ ಕಬ್ಬಿಣ ಮಾಡಿಕೊಂಡಿರುತ್ತಾರೆ, ಆದರೂ ಹಿಮ್ಮಡಿ ಮೇಲೆ ಭಾರ ಹಾಕಿ ನಿಂತರೆ ಆ ತೊಡೆಯಿಂದ ಉಪಯೋಗ ಏನು?

ಮೊದಲ ರೌಂಡು ಹುಲಿ, ಮೂರನೇ ರೌಂಡಿನಲ್ಲಿ ಅದೇ ಏಟಿಗೆ ಇಲಿ

ಇದು ದಮ್ಮಿನ ದೋಷ, ಇಲ್ಲ ತೂಕ ಇಳಿಸಿದ ದೋಷ. ದಣಿದವನ ಕೈ ಇಳಿಯುತ್ತದೆ, ಗದ್ದ ಏಳುತ್ತದೆ, ಕಣ್ಣು ತಡವಾಗಿ ಕಾಣುತ್ತದೆ. ಮೇಲೆ ಹೇಳಿದ ಎಲ್ಲ ದೋಷಗಳೂ ಒಟ್ಟಿಗೆ ಬಂದು ಕೂರುತ್ತವೆ. ಕುಂದವಾಡ ಕೆರೆ ಸುತ್ತ ನಿಧಾನಕ್ಕೆ ಓಡುವುದು ಒಳ್ಳೆಯದೇ, ಆದರೆ ಅದಷ್ಟೇ ಸಾಲದು. ಮೂರು ನಿಮಿಷ ಜೋರು, ಒಂದು ನಿಮಿಷ ಬಿಡುವು, ಈ ಲೆಕ್ಕದ ಓಟವೂ ಬೇಕು, ಬ್ಯಾಗೂ ಬೇಕು.

ನೀರಿನ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಸ್ವೆಟರ್ ಮೇಲೆ ಪ್ಲಾಸ್ಟಿಕ್ ಹಾಕಿಕೊಂಡು ಓಡಿ, ಹನಿ ನೀರು ಕುಡಿಯದೆ ಎರಡು ಮೂರು ಕಿಲೋ ಇಳಿಸಿ, ಚಿಕ್ಕ ತೂಕದವರನ್ನು ಹೊಡೆದುಬಿಡ್ತೀನಿ ಅಂತ ಹೊರಡುತ್ತಾರೆ. ಮೈತೂಕದ ಶೇ 2ರಷ್ಟು ನೀರು ಹೋದರೇ ದಮ್ಮು ಕುಗ್ಗುತ್ತದೆ. 60 ಕಿಲೋ ಹುಡುಗನಿಗೆ ಅದು 1.2 ಕಿಲೋ ಅಷ್ಟೇ. ಅಮೆಚೂರ್ ಟೂರ್ನಿಯಲ್ಲಿ ಪಂದ್ಯದ ದಿನ ಬೆಳಿಗ್ಗೆಯೇ ತೂಕ ಹಾಕುತ್ತಾರೆ, ಕಳೆದ ನೀರು ವಾಪಸ್ ತುಂಬಿಕೊಳ್ಳಲು ಸಮಯವೇ ಇರುವುದಿಲ್ಲ. ಒಣಗಿದ ಮೈಯಲ್ಲಿ ತಲೆಗೆ ಏಟು ತಿನ್ನುವುದು ಶುದ್ಧ ಹುಚ್ಚು.

ಪರೀಕ್ಷೆ: ಅಭ್ಯಾಸದ ಮುಂಚೆ, ಆಮೇಲೆ ತೂಕ ನೋಡಿ. ಬೆಳಗಿನ ಮೂತ್ರದ ಬಣ್ಣ ನೋಡಿ, ಕಡು ಹಳದಿ ಇದ್ದರೆ ನೀರು ಸಾಲದು. ರಿಪೇರಿ: ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್, ಸರಿಯಾದ ತೂಕದ ವರ್ಗ. ತೂಕ ಇಳಿಸಲೇಬೇಕು ಅಂದರೆ ವಾರಗಳ ಮುಂಚಿನಿಂದ ಊಟದಲ್ಲಿ ಇಳಿಸಿ. ಅಭ್ಯಾಸ ಮುಗಿಸಿ ದಿನಾ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದು, ಕೊನೇ ವಾರ ನೀರು ಬಿಡುವುದಕ್ಕೆ ತೂಕ ಇಳಿಸುವುದು ಅನ್ನುವುದಿಲ್ಲ. ಬೆಣ್ಣೆದೋಸೆ ಬಗ್ಗೆ ನಾನೇನೂ ಹೇಳಲ್ಲ, ಊರಿನ ಮರ್ಯಾದೆ ಪ್ರಶ್ನೆ.

ಹೊಟ್ಟೆಗೆ ಬಿದ್ದರೆ ಮಡಚಿಕೊಳ್ಳುತ್ತಾನೆ

ಗಟ್ಟಿ ಮಾಡಿಕೊಳ್ಳಬಹುದಾದ ಜಾಗ ಇದೊಂದೇ, ಅದಕ್ಕೂ ಮಿತಿ ಇದೆ. ಲಿವರ್ ಇರುವುದು ಬಲ ಪಕ್ಕೆಲುಬಿನ ಕೆಳಗೆ. ಎದುರಾಳಿಯ ಎಡಗೈ ಹುಕ್ ಅಲ್ಲಿಗೆ ಬಿದ್ದರೆ ಮೊದಲು ಏನೂ ಆಗಿಲ್ಲ ಅನಿಸುತ್ತದೆ, ಒಂದು ಕ್ಷಣ ಬಿಟ್ಟು ಮೈಯೆಲ್ಲ ಕೈಕೊಡುತ್ತದೆ. ಮನಸ್ಸು ಏಳು ಅಂದರೂ ಮೈ ಏಳುವುದಿಲ್ಲ. ಅದನ್ನು ಹೇಡಿತನ ಅನ್ನುವವರು ಒಮ್ಮೆ ತಿಂದು ನೋಡಲಿ. ಎದೆಗೂಡಿನ ಕೆಳಗೆ ಮಧ್ಯದಲ್ಲಿ ಬಿದ್ದರೆ ವಪೆ (ಎದೆಗೂಡಿನ ಕೆಳಗಿನ ಉಸಿರಾಟದ ಸ್ನಾಯು) ಸೆಳೆದುಕೊಂಡು ಉಸಿರು ಕಟ್ಟುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತದೆ.

ವೀಡಿಯೋದಲ್ಲಿ ಬಲ ಮೊಣಕೈ ನೋಡಿ, ಪಕ್ಕೆಯಿಂದ ಆಚೆ ಹೋಗಿದ್ದರೆ ದೋಷ ಅದೇ. ಕಿವಿ ಕೊಟ್ಟು ಕೇಳಿ, ಏಟು ಬೀಳುವಾಗ "ಹುಸ್" ಅಂತ ಉಸಿರು ಬಿಡುತ್ತಾನಾ ಅಥವಾ ಉಸಿರು ಎಳೆಯುತ್ತಿರುತ್ತಾನಾ? ಉಸಿರು ಎಳೆಯುವಾಗ ಹೊಟ್ಟೆ ಸಡಿಲ, ಆಗ ಬಿದ್ದ ಏಟು ನೇರ ಒಳಗೆ. ಹಗುರ ಮೆಡಿಸಿನ್ ಬಾಲ್ ಹೊಟ್ಟೆಗೆ ಎಸೆಸಿಕೊಂಡು, ತಾಗುವ ಹೊತ್ತಿಗೆ ಸರಿಯಾಗಿ ಉಸಿರು ಬಿಡುವುದನ್ನು ಕಲಿಯಿರಿ. ಭಾರ ನಿಧಾನಕ್ಕೆ ಏರಿಸಿ. ಪ್ಲ್ಯಾಂಕ್, ಪಕ್ಕದ ಪ್ಲ್ಯಾಂಕ್, ದಂಡ ಎಲ್ಲ ಕೆಲಸಕ್ಕೆ ಬರುತ್ತವೆ. ಮಲಗಿಸಿ ಹೊಟ್ಟೆ ಮೇಲೆ ನಿಂತು ತುಳಿಯುವ ಶೋಕಿ ಬೇಡ.

ಹೊಟ್ಟೆ ಏಟಿನ ನಂತರ ನೋವು ಏರುತ್ತಿದ್ದರೆ, ಭುಜದ ತುದಿಯಲ್ಲಿ ನೋವು ಕಂಡರೆ, ಮೂತ್ರದಲ್ಲಿ ರಕ್ತ ಬಂದರೆ ಸೀದಾ ಆಸ್ಪತ್ರೆ. ಲಿವರ್, ಗುಲ್ಮ, ಕಿಡ್ನಿಗೆ ಪೆಟ್ಟಾಗಿರಬಹುದು.

ಹುಡುಗನದ್ದಲ್ಲ, ಜಾಗದ್ದೇ ದೋಷ ಇದ್ದರೆ

ಗ್ಲೌಸ್ ಒಳಗಿನ ಸ್ಪಂಜು ಚಪ್ಪಟೆಯಾಗಿದೆಯಾ? ಸ್ಪಾರಿಂಗ್‌ಗೆ 16 ಔನ್ಸ್ ಬಳಸಿ, ಬ್ಯಾಗ್ ಹೊಡೆದು ಸವೆಸಿದ್ದನ್ನು ಸ್ಪಾರಿಂಗ್‌ಗೆ ತರಬೇಡಿ. ಹೆಡ್‌ಗಾರ್ಡ್ ಸಡಿಲ ಇದ್ದು ಕಣ್ಣಿನ ಮೇಲೆ ಜಾರಿದರೆ ಮೇಲೆ ಹೇಳಿದ ಮೊದಲ ದೋಷವನ್ನು ನೀವೇ ದುಡ್ಡು ಕೊಟ್ಟು ತಂದ ಹಾಗೆ. ಇನ್ನು ಹೆಡ್‌ಗಾರ್ಡ್ ಹಾಕಿದ್ದೀನಿ, ಹೊಡಿ ಎಷ್ಟು ಬೇಕಾದ್ರೂ ಅನ್ನುವವರಿಗೆ: ಅದು ಚರ್ಮ ಹರಿಯುವುದನ್ನು ತಡೆಯುತ್ತದೆ, ತಲೆ ತಿರುಗುವುದನ್ನಲ್ಲ. 2013ರಲ್ಲಿ ಅಂತರರಾಷ್ಟ್ರೀಯ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಹಿರಿಯ ಪುರುಷರಿಗೆ ಹೆಡ್‌ಗಾರ್ಡ್ ತೆಗೆದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರು ಅದಿಲ್ಲದೇ ಆಡಿದರು. ಆದರೆ ನಿಮ್ಮ ಅಭ್ಯಾಸದಲ್ಲಿ ತೆಗೆಯಬೇಡಿ, ಹಣೆ ಹುಬ್ಬು ಒಡೆಯುವುದಾದರೂ ತಪ್ಪುತ್ತದೆ.

ನೆಲ ನೋಡಿ. ನಮ್ಮ ಕಡೆ ಎಷ್ಟೋ ಅಭ್ಯಾಸ ನಡೆಯುವುದು ಸಿಮೆಂಟ್ ನೆಲದ ಹಾಲ್‌ನಲ್ಲಿ, ತಾರಸಿ ಮೇಲೆ, ಮೇಲೊಂದು ತೆಳು ಜಮಖಾನೆ. ಗುದ್ದಿಗಿಂತ ಹಿಂದಲೆ ಸಿಮೆಂಟಿಗೆ ಬಡಿಯುವುದು ಎಷ್ಟೋ ಪಾಲು ಕೆಟ್ಟದ್ದು. ಮ್ಯಾಟ್ ಇಲ್ಲದ ಕಡೆ ತಲೆಗೆ ಹೊಡೆಯುವ ಸ್ಪಾರಿಂಗ್ ಬೇಡವೇ ಬೇಡ.

ಕೊನೆಯದು ಜಿದ್ದು. ವಾರವಿಡೀ ಜೋರು ಸ್ಪಾರಿಂಗ್ ಇಟ್ಟುಕೊಂಡು ಗದ್ದ ಗಟ್ಟಿಯಾಗಲಿ ಅಂದರೆ ಆಗುವುದು ಉಲ್ಟಾ. ಮುಹಮ್ಮದ್ ಅಲಿಯನ್ನೇ ನೋಡಿ. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಹಗ್ಗಕ್ಕೊರಗಿ ಫೋರ್‌ಮನ್‌ನ ಏಟು ತಿಂದು ತಿಂದು, ಎಂಟನೇ ರೌಂಡಿನಲ್ಲಿ ಅವನನ್ನೇ ಮಲಗಿಸಿದ. ಅಭ್ಯಾಸದಲ್ಲೂ ಜೊತೆಗಾರರಿಂದ ಹೊಡೆಸಿಕೊಳ್ಳುತ್ತಿದ್ದ. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. ಏಟಿನಿಂದಲೇ ಬಂತಾ ಅನ್ನುವ ಚರ್ಚೆ ಬೇರೆ, ಆದರೆ ತಡೆದುಕೊಳ್ಳುವ ಶಕ್ತಿ ಇದ್ದವನೇ ಹೆಚ್ಚು ಏಟು ತಿನ್ನುವುದು ಅನ್ನುವುದು ಲೆಕ್ಕದ ಮಾತು. ಬಾಕ್ಸರ್‌ಗಳು ಕ್ರಮೇಣ ಕುಡಿದವರಂತೆ ತೊದಲುವುದನ್ನು, ತೂರಾಡುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿಟ್ಟಿದ್ದಾರೆ.

ಹಾಗಾಗಿ ಬರೀ ಜ್ಯಾಬ್‌ನ ಸ್ಪಾರಿಂಗ್, ಬರೀ ಹೊಟ್ಟೆಯ ಸ್ಪಾರಿಂಗ್, ಮುಟ್ಟಿ ಬಿಡುವ ಸ್ಪಾರಿಂಗ್, ಇವು ಹೆಚ್ಚಿರಲಿ. ಜೋರಿನದ್ದು ಪಂದ್ಯ ಹತ್ತಿರ ಇದ್ದಾಗ ಮಾತ್ರ, ಅದೂ ಸರಿಸಮ ತೂಕದವರ ಜೊತೆ.

ರಿಪೇರಿ ಆಯಿತಾ ಅಂತ ತಿಳಿಯುವುದು ಹೇಗೆ

ಎಲ್ಲ ದೋಷಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಒಂದನ್ನು ಹಿಡಿದು ಒಂದು ತಿಂಗಳು ತಿದ್ದಿ. ಆಮೇಲೆ ಅದೇ ಜೊತೆಗಾರನ ಜೊತೆ, ಅದೇ ಗ್ಲೌಸ್‌ನಲ್ಲಿ, ಮುಟ್ಟಿ ಬಿಡುವ ಸ್ಪಾರಿಂಗ್ ಮಾಡಿ ವೀಡಿಯೋ ತೆಗೆಯಿರಿ. ಜೋರಾಗಿ ಹೊಡೆಸಿಕೊಂಡು ಪರೀಕ್ಷೆ ಮಾಡುವ ಅಗತ್ಯವೇ ಇಲ್ಲ, ಕಣ್ಣು ತೆರೆದಿದೆಯಾ, ಗದ್ದ ಕೆಳಗಿದೆಯಾ, ಕೈ ವಾಪಸ್ ಬಂತಾ ಅನ್ನುವುದು ಹಗುರ ಏಟಿನಲ್ಲೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಇವೆಲ್ಲ ಸರಿ ಇದ್ದೂ ಹಗುರ ಏಟಿಗೇ ತಲೆ ಮಂಕಾಗುತ್ತಿದ್ದರೆ ಮೇಲಿನ ಮೊದಲ ಭಾಗಕ್ಕೆ ವಾಪಸ್ ಹೋಗಿ, ಡಾಕ್ಟರ್‌ಗೆ ತೋರಿಸಿ, ಮನೆಯವರಿಗೂ ವಿಷಯ ತಿಳಿಸಿ. ಆ ಹುಡುಗನಿಗೆ ಪ್ಯಾಡ್ ಹಿಡಿಯುವ, ಕಾರ್ನರ್‌ನಲ್ಲಿ ನಿಲ್ಲುವ, ರೆಫರಿ ಕೆಲಸ ಕಲಿಯುವ ದಾರಿ ತೆರೆದೇ ಇದೆ.